ನನ್ನ ಕಾಲಿಗೆ ಸರಿ ಇತ್ತು

ನಮ್ಮ ಮನೆಯಲ್ಲಿ ಒಂದು ಹಳೇ ಕಾರಿದೆ. 2006ರ ಮಾಡೆಲ್, ಪೆಟ್ರೋಲು, ಬೂದಿ ಬಣ್ಣ. ಕಂಪನಿ ಹೆಸರು ಬೇಡ ಬಿಡಿ, ಹದಿನೆಂಟು ವರ್ಷ ದುಡಿದ ಗಾಡಿಯಲ್ಲಿ ಏನು ಕೆಟ್ಟರೂ ಅದು ವಯಸ್ಸಿನ ಖಾತೆಗೆ ಹೋಗಬೇಕೇ ಹೊರತು ಮಾಡಿದವರ ಖಾತೆಗಲ್ಲ. ಆಫೀಸಿನ ಸೀನಿಯರ್ ಒಬ್ಬರು ಅಮೆರಿಕಕ್ಕೆ ಹೊರಟಾಗ ನನಗೆ ಕೊಟ್ಟು ಹೋಗಿದ್ದು. ಮೊದಲ ಸಲ ಊರಿಗೆ ತಗೊಂಡು ಹೋದಾಗ ಅಮ್ಮ ಆರತಿ ಎತ್ತಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು, ಹೊಸ ಕಾರಿಗೆ ಮಾಡೋದೆಲ್ಲ ಮಾಡಿದ್ದಳು. ಅರಸೀಕೆರೆ ಕಡೆಯ ನಮ್ಮೂರಿಗೂ ಬೆಂಗಳೂರಿಗೂ ತಿಂಗಳಿಗೊಂದು ಸಲ ಓಡಾಡುತ್ತೆ. ಹೋಗುವಾಗ ಖಾಲಿ, ಬರುವಾಗ ತೆಂಗಿನಕಾಯಿ, ರಾಗಿಹಿಟ್ಟು, ಕಾಲ ಇದ್ದರೆ ಅವರೆಕಾಯಿ. ಟೀಮಿನ ಹುಡುಗರು 'ಇನ್ನೂ ಇದೇನಾ ಸರ್?' ಅಂತಾರೆ. ಇಎಂಐ ಇಲ್ಲದ ಗಾಡಿ ಓಡಿಸೋ ಸುಖ ಅವರಿಗೆ ಇನ್ನೂ ಗೊತ್ತಾಗಿಲ್ಲ.

ವಾರದ ದಿನಗಳಲ್ಲಿ ಗಾಡಿ ನನ್ನ ಹೆಂಡತಿಯ ಕೈಯಲ್ಲಿ. ಮಗಳನ್ನು ಡೇ ಕೇರ್‌ಗೆ ಬಿಟ್ಟು, ಅಲ್ಲಿಂದ ಆಫೀಸಿಗೆ ಹೋಗಿ, ಸಂಜೆ ಅದೇ ದಾರಿಯಲ್ಲಿ ವಾಪಸ್. ದೂರ ಆರು ಕಿಲೋಮೀಟರ್ ಅಷ್ಟೇ. ಆದರೆ ಉತ್ತರಹಳ್ಳಿ ಕಡೆಯ ಗಲ್ಲಿಗಳ ಆರು ಕಿಲೋಮೀಟರ್ ಅಂದ್ರೆ ಏನು ಅಂತ ಓಡಿಸಿದವರಿಗೆ ಗೊತ್ತು. ಹಂಪು, ಹಸು, ನೀರಿನ ಟ್ಯಾಂಕರ್, ಮತ್ತೆ ಹಂಪು.

ಅವಳು ಮೊದಲು ಹೇಳಿದ್ದು ಯುಗಾದಿ ಹೊತ್ತಿಗೆ. "ರೀ, ಬ್ರೇಕು ತುಂಬಾ ಗಟ್ಟಿ ಇದೆ." ನಾನು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, "ಹಳೇ ಗಾಡಿ ಅಲ್ವಾ, ಹಂಗೇ. ಸರಿಯಾಗಿ ಒತ್ತು" ಅಂದೆ. ಎರಡನೇ ಸಲ ಹೇಳಿದಾಗ ನಾನೇ ಕೀ ತಗೊಂಡು ಹೋಗಿ ಬಡಾವಣೆ ಸುತ್ತ ಒಂದು ರೌಂಡ್ ಹಾಕಿಕೊಂಡು ಬಂದೆ. ನಿಂತಿತು. "ನಂಗೇನೂ ಅನ್ನಿಸಲಿಲ್ಲ ಕಣೆ" ಅಂದೆ. ಆದರೂ ಸರ್ವಿಸ್‌ಗೆ ಬಿಟ್ಟಾಗ ಹೇಳಿದೆ. ಅವರು ಮುಂದಿನ ಚಕ್ರಗಳ ಪ್ಯಾಡ್ ಬದಲಿಸಿ ಬಿಲ್ಲು ಕೊಟ್ಟರು. ನಾನು ಮನಸ್ಸಿನಲ್ಲೇ ಟಿಕೆಟ್ ಕ್ಲೋಸ್ ಮಾಡಿದೆ. ಮೂರನೇ ಸಲ ಅವಳು ಬ್ರೇಕಿನ ಬಗ್ಗೆ ಹೇಳಲೇ ಇಲ್ಲ. "ನನ್ನ ಕಾಲಿಗೇ ಶಕ್ತಿ ಇಲ್ಲವೇನೋ" ಅಂದಳು. ಸೀಟನ್ನು ಒಂದು ಹಲ್ಲು ಮುಂದಕ್ಕೆ ಎಳೆದುಕೊಂಡಳು. ಶನಿವಾರ ನಾನು ಕೂತಾಗೆಲ್ಲ ಮೊಣಕಾಲು ಸ್ಟೀರಿಂಗಿಗೆ ತಾಗುತ್ತಿತ್ತು, ಗೊಣಗಿಕೊಂಡು ಸೀಟು ಹಿಂದಕ್ಕೆ ತಳ್ಳುತ್ತಿದ್ದೆ. ಯಾಕೆ ಮುಂದೆ ಬಂದಿದೆ ಅಂತ ಒಂದು ದಿನವೂ ಕೇಳಲಿಲ್ಲ.

ನಮ್ಮ ಫೀಲ್ಡಲ್ಲಿ ಒಂದು ಮಾತಿದೆ, ಟೆಸ್ಟರ್ ಬಗ್ ತಂದಾಗ ಡೆವಲಪರ್ ಹೇಳೋದು: ನನ್ನ ಮಷೀನಲ್ಲಿ ಓಡ್ತಿದೆಯಲ್ಲಾ. ಅದನ್ನು ಹೇಳಿದವರನ್ನು ನಾನು ಎಷ್ಟು ಮೀಟಿಂಗಿನಲ್ಲಿ ನಕ್ಕು ಕೂರಿಸಿದ್ದೀನೋ ಲೆಕ್ಕ ಇಲ್ಲ.

ನವೆಂಬರಿನ ಒಂದು ಗುರುವಾರ ಸಂಜೆ ಅವಳ ಫೋನು ಬಂತು. ಮಾತು ಬರ್ತಾ ಇರಲಿಲ್ಲ. ನಮ್ಮ ಬೀದಿಯ ಹಿಂದಿನ ಕ್ರಾಸು, ಮನೆಯಿಂದ ಐದು ನಿಮಿಷ. ಓಡಿದೆ. ಕಾರು ರಸ್ತೆ ಮಧ್ಯೆ ನಿಂತಿತ್ತು. ಅದರ ಮುಂದೆ ಒಂದು ಪುಟ್ಟ ಸೈಕಲ್ ಮಗುಚಿ ಬಿದ್ದಿತ್ತು. ಬಂಪರಿಗೂ ಸೈಕಲಿನ ಹಿಂದಿನ ಚಕ್ರಕ್ಕೂ ನಡುವೆ ಒಂದು ಗೇಣು. ಎಂಟೊಂಬತ್ತು ವರ್ಷದ ಹುಡುಗ, ಗೇಟಿನಿಂದ ಸೀದಾ ರಸ್ತೆಗೆ ಬಂದಿದ್ದಾನೆ, ಕಾರು ನೋಡಿ ಹೆದರಿ ಬಿದ್ದಿದ್ದಾನೆ. ಮೊಣಕಾಲು ತರಚಿತ್ತು, ಅಷ್ಟೇ. ಅಷ್ಟೇ ಅಂತ ಈಗ ಬರೀತೀನಿ. ಹಿಂದಿನ ಸೀಟಿನಲ್ಲಿ ನನ್ನ ಮಗಳು ಅಳ್ತಾ ಇದ್ದಳು. ಹೆಂಡತಿ ಸ್ಟೀರಿಂಗ್ ಬಿಟ್ಟಿರಲಿಲ್ಲ, ಬಲಗಾಲು ಇನ್ನೂ ಪೆಡಲಿನ ಮೇಲೇ ಇತ್ತು, ಆ ಕಾಲು ನಡುಗುತ್ತಿತ್ತು.

ಹುಡುಗನ ತಾತ ಹೊರಗೆ ಬಂದಿದ್ದರು. "ಓಡ್ಸೋಕೆ ಬರಲ್ಲ ಅಂದ್ಮೇಲೆ ಯಾಕಮ್ಮ ರಸ್ತೆಗೆ ತರ್ತೀಯ?" ಅಂತ ಬೈತಾ ಇದ್ದರು. ಸುತ್ತ ನಾಲ್ಕು ಜನ ಸೇರಿದ್ದರು. ನಾನು ಮಧ್ಯೆ ಹೋಗಿ ಕೈ ಮುಗಿದು, "ಅವಳಿಗೆ ಇನ್ನೂ ಅಷ್ಟು ಅಭ್ಯಾಸ ಇಲ್ಲ ಸರ್, ತಪ್ಪಾಯ್ತು, ಕ್ಷಮಿಸಿ" ಅಂದೆ. ಜನ ಒಪ್ಪಿಕೊಂಡರು. ಗಂಡ ಬಂದು ಕ್ಷಮೆ ಕೇಳಿದ ಮೇಲೆ ಪ್ರಕರಣ ಮುಗೀತು ಅನ್ನೋ ಥರ ಚದುರಿದರು. ಅವಳು ಏನೂ ಹೇಳಲಿಲ್ಲ. ಇಳಿದು ಪಕ್ಕದ ಸೀಟಿಗೆ ಹೋದಳು.

ಆ ರಾತ್ರಿ ಊಟ ಮಾಡಲಿಲ್ಲ. ಮಾರನೇ ದಿನ ಆಟೋ ಮಾಡಿಕೊಂಡು ಹೋದಳು. "ನನಗೆ ಆಗಲ್ಲ ಬಿಡಿ, ಇನ್ಮೇಲೆ ನಾನು ಓಡಿಸಲ್ಲ" ಅಂದಾಗ ನಾನು, "ಹಂಗೆಲ್ಲ ಅನ್ಬೇಡ, ನಿಧಾನಕ್ಕೆ ಬರುತ್ತೆ" ಅಂತ ಸಮಾಧಾನ ಮಾಡಿದೆ. ಎಷ್ಟು ಒಳ್ಳೆ ಗಂಡ ನೋಡಿ.

ಭಾನುವಾರ ಬೆಳಿಗ್ಗೆ ಪಾರ್ಕಿಂಗಿಗೆ ಇಳಿದೆ. ಯಾಕೆ ಇಳಿದೆ ಅಂದ್ರೆ, ಆ ನಡುಗುತ್ತಿದ್ದ ಕಾಲು ತಲೆಯಿಂದ ಹೋಗಿರಲಿಲ್ಲ. ಅಭ್ಯಾಸ ಇಲ್ಲದವರು ಬ್ರೇಕ್ ತಡವಾಗಿ ಒತ್ತುತ್ತಾರೆ, ಇಲ್ಲ ತಪ್ಪು ಪೆಡಲ್ ಒತ್ತುತ್ತಾರೆ. ಅವಳು ಸರಿಯಾದ ಪೆಡಲನ್ನೇ, ನಿಂತ ಮೇಲೂ ಬಿಡದಷ್ಟು ಜೋರಾಗಿ ಒತ್ತಿದ್ದಳು.

ಇಲ್ಲಿ ಸ್ವಲ್ಪ ಯಂತ್ರದ ವಿಷಯ ಹೇಳಬೇಕು, ಸಹಿಸಿಕೊಳ್ಳಿ. ಬ್ರೇಕ್ ಪೆಡಲಿಗೆ ಎರಡು ಥರ ಕಾಯಿಲೆ ಬರುತ್ತೆ. ಮೆತ್ತಗಾಗಿ ಕೆಳಗೆ ಹೋಗಿಬಿಡೋದು ಒಂದು, ಅದು ಸಾಮಾನ್ಯವಾಗಿ ಬ್ರೇಕ್ ಆಯಿಲ್ ಸೋರಿದ್ದಕ್ಕೋ ಲೈನಿನಲ್ಲಿ ಗಾಳಿ ಸೇರಿದ್ದಕ್ಕೋ ಬರೋದು. ಕಲ್ಲಿನ ಹಾಗೆ ಗಟ್ಟಿಯಾಗೋದು ಇನ್ನೊಂದು. ಗಟ್ಟಿಯಾದರೆ ಮೊದಲು ನೋಡಬೇಕಾದ್ದು ಬೂಸ್ಟರ್. ಬಾನೆಟ್ ಎತ್ತಿದರೆ ಡ್ರೈವರ್ ಮುಂದೆ, ಗೋಡೆಗೆ ಅಂಟಿಕೊಂಡು ಕಪ್ಪು ಬಣ್ಣದ ದುಂಡನೆ ಡಬ್ಬಿ ಕಾಣುತ್ತಲ್ಲ, ಅದು. ಅದರೊಳಗೆ ಒಂದು ರಬ್ಬರ್ ಪರದೆ. ಪೆಟ್ರೋಲ್ ಇಂಜಿನ್ ಓಡುವಾಗ ಗಾಳಿ ಒಳಗೆಳೆದುಕೊಳ್ಳುತ್ತೆ, ಆ ಎಳೆತವನ್ನೇ ಒಂದು ಹೋಸ್ ಪೈಪಿನಿಂದ ಬೂಸ್ಟರಿಗೆ ಕೊಟ್ಟಿರುತ್ತಾರೆ. ಹಾಗಾಗಿ ಪರದೆಯ ಎರಡೂ ಕಡೆ ಗಾಳಿ ತೆಳು. ನೀವು ಪೆಡಲ್ ಒತ್ತಿದಾಗ ಒಂದು ಕಡೆಗೆ ಹೊರಗಿನ ಗಾಳಿ ನುಗ್ಗುತ್ತೆ, ನುಗ್ಗಿದ ಗಾಳಿ ಪರದೆಯನ್ನು ದೂಡುತ್ತೆ, ನಿಮ್ಮ ಕಾಲಿನ ಜೊತೆ ಅದೂ ಒತ್ತುತ್ತೆ. ಎಂಟು ಇಂಚಿನ ಬೂಸ್ಟರ್ ಅಂದುಕೊಂಡರೆ ಪರದೆಯ ವಿಸ್ತೀರ್ಣ ಸುಮಾರು 320 ಚದರ ಸೆಂಟಿಮೀಟರ್. ಪ್ರತಿ ಚದರ ಸೆಂಟಿಮೀಟರಿಗೆ ಬರೀ ಅರ್ಧ ಕೆಜಿ ವ್ಯತ್ಯಾಸ ಸಿಕ್ಕರೂ 160 ಕೆಜಿ ಬಲ. ಪೆಡಲಿನ ಆಚೆ ಕಡೆ ಇನ್ನಿಬ್ಬರು ದೊಡ್ಡವರ ಭಾರವೂ ಸೇರಿ ಒತ್ತಿದ ಹಾಗೆ. ನಾವು ನಿಲ್ಲಿಸ್ತಿದ್ದೀವಿ ಅಂದುಕೊಂಡಿರ್ತೀವಿ, ನಿಲ್ಲಿಸ್ತಿರೋದು ಬಹುಪಾಲು ಗಾಳಿ.

ಈ ಸಹಾಯ ಹೋದರೆ ಬ್ರೇಕ್ ಹೋಗಲ್ಲ. ಅದೇ ಮೋಸ. ಬ್ರೇಕ್ ಇರುತ್ತೆ, ಆದರೆ ಕೆಲವು ಪಟ್ಟು ಹೆಚ್ಚು ಬಲ ಕೇಳುತ್ತೆ. ನಮ್ಮೂರ ಕಡೆ ಇಳಿಜಾರು ಸಿಕ್ಕಿದ ತಕ್ಷಣ ಇಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಡೋ ಚಟ ಇದೆ, ಪೆಟ್ರೋಲ್ ಉಳಿಯುತ್ತೆ ಅಂತ. ಇಂಜಿನ್ ನಿಂತ ಮೇಲೆ ಬೂಸ್ಟರಿನಲ್ಲಿ ಎರಡು ಮೂರು ಒತ್ತಿಗಾಗೋಷ್ಟು ಮಾತ್ರ ಉಳಿದಿರುತ್ತೆ, ಆಮೇಲೆ ಪೆಡಲು ಬಂಡೆ. ಯಾರಾದ್ರೂ ಮಾಡ್ತಿದ್ರೆ ದಯವಿಟ್ಟು ಬಿಡಿ.

ಪರೀಕ್ಷೆ ಸುಲಭ, ಯಾವ ಸಾಮಾನೂ ಬೇಡ. ಇಂಜಿನ್ ಆಫ್ ಇರುವಾಗ ಪೆಡಲನ್ನು ನಾಲ್ಕೈದು ಸಲ ಒತ್ತಿ ಬಿಟ್ಟೆ, ಉಳಿದಿದ್ದೆಲ್ಲ ಖಾಲಿಯಾಗಲಿ ಅಂತ. ಆಮೇಲೆ ಕಾಲು ಪೆಡಲಿನ ಮೇಲೇ ಇಟ್ಟು ಸ್ಟಾರ್ಟ್ ಮಾಡಿದೆ. ಬೂಸ್ಟರ್ ಸರಿ ಇದ್ದರೆ ಪೆಡಲು ಕಾಲಿನಡಿ ತಾನಾಗಿ ಸ್ವಲ್ಪ ಕೆಳಗೆ ಇಳಿಯಬೇಕು. ನಮ್ಮದು ಇಳಿಯಲಿಲ್ಲ. ತುಂಬಾ ಹೊತ್ತಾದ ಮೇಲೆ, ಇಷ್ಟ ಇಲ್ಲದವರ ಥರ, ಒಂದು ಚೂರು ಇಳೀತು. ಎರಡನೆಯದು: ಇಂಜಿನ್ ಒಂದೆರಡು ನಿಮಿಷ ಓಡಿಸಿ ಆಫ್ ಮಾಡಿ, ಐದು ನಿಮಿಷ ಬಿಟ್ಟು ಒತ್ತಬೇಕು. ಮೊದಲ ಒಂದೆರಡು ಒತ್ತು ಮೆತ್ತಗಿರಬೇಕು. ನಮ್ಮದು ಮೊದಲನೆಯದೇ ಗಟ್ಟಿ. ಅಂದ್ರೆ ಬರೋದೂ ಕಮ್ಮಿ, ಬಂದಿದ್ದು ಉಳೀತಾನೂ ಇಲ್ಲ. ಎಲ್ಲೋ ಸೋರ್ತಿದೆ.

ಬಾನೆಟ್ ಎತ್ತಿ, ಇಂಜಿನ್ ಓಡುವಾಗ ಕಿವಿ ಇಟ್ಟೆ. ಸಣ್ಣಗೆ ಸ್ಸ್ ಅಂತ ಸದ್ದು. ಹೋಸ್ ಉದ್ದಕ್ಕೂ ಬೆರಳಾಡಿಸಿಕೊಂಡು ಹೋದೆ. ಬೂಸ್ಟರ್ ಹತ್ತಿರದ ತುದಿಯಲ್ಲಿ, ಕ್ಲಾಂಪಿನ ಕೆಳಗೆ, ಮೇಲಿಂದ ನೋಡಿದರೆ ಕಾಣದ ಕಡೆ, ಒಂದು ಉಗುರು ಉದ್ದದ ಸೀಳು. ಹೆಬ್ಬೆರಳಿನಿಂದ ಅದುಮಿ ಹಿಡಿದೆ. ಸದ್ದು ನಿಂತಿತು. ಅಷ್ಟೇ ಅಲ್ಲ, ತಿಂಗಳುಗಟ್ಟಲೆ ಕುಂಟುತ್ತಿದ್ದ ಇಂಜಿನ್ನಿನ ಐಡ್ಲಿಂಗ್ ಕೂಡ ಸಮ ಆಯಿತು. ಆ ಕುಂಟು ಸದ್ದಿಗೂ ನಾನು 'ಹಳೇ ಗಾಡಿ, ಹಂಗೇ' ಅಂದಿದ್ದೆ.

ಅಲ್ಲೇ ನಿಂತಿರುವಾಗ ಇನ್ನೊಂದು ವಿಷಯ ಹೊಳೀತು. ನನಗೆ ಯಾಕೆ ಗೊತ್ತಾಗಲಿಲ್ಲ? ನಾನು ಓಡಿಸೋದು ಹೈವೇ. ಅಲ್ಲಿ ಬ್ರೇಕ್ ಒತ್ತೋದೇ ಕಮ್ಮಿ, ಒಂದು ಒತ್ತಿಗೂ ಇನ್ನೊಂದಕ್ಕೂ ಮಧ್ಯೆ ನಿಮಿಷಗಳು. ಆಕ್ಸಿಲರೇಟರ್ ಬಿಟ್ಟು ಗಾಡಿ ತಾನೇ ಉರುಳುವಾಗ ಇಂಜಿನ್ನಿನ ಎಳೆತವೂ ಜಾಸ್ತಿ. ಸೋರುವ ಹೋಸ್ ಇದ್ದರೂ ಬೂಸ್ಟರ್ ಅಷ್ಟರಲ್ಲಿ ತುಂಬಿಕೊಳ್ಳುತ್ತೆ. ಅವಳ ದಾರಿಯಲ್ಲಿ ಐವತ್ತು ಹೆಜ್ಜೆಗೊಂದು ಹಂಪು. ಒತ್ತು, ಬಿಡು, ಮತ್ತೆ ಒತ್ತು. ತುಂಬಿಕೊಳ್ಳೋಕೆ ಪುರುಸೊತ್ತೇ ಇಲ್ಲ. ಜೊತೆಗೆ ಸಂಜೆ ಟ್ರಾಫಿಕ್ಕಿನ ಬಿಸಿಗೆ ಸೀಳು ಇನ್ನಷ್ಟು ಬಾಯಿ ಬಿಟ್ಟಿರಬೇಕು. ನಾನು ಹಾಕಿದ್ದ ಆ ಒಂದು ರೌಂಡು ಬೆಳಿಗ್ಗೆ ತಣ್ಣನೆ ಇಂಜಿನ್ನಿನಲ್ಲಿ. ಅವಳು ಹೇಳಿದ್ದು ಅವಳ ರಸ್ತೆಯಲ್ಲಿ ಪೂರ್ತಿ ನಿಜ. ನಾನು ನನ್ನ ರಸ್ತೆಯಲ್ಲಿ ಪರೀಕ್ಷೆ ಮಾಡಿ, ಸುಳ್ಳು ಅಂತ ತೀರ್ಪು ಕೊಟ್ಟಿದ್ದೆ.

ಬ್ರೇಕಿನ ಕೆಲಸವನ್ನು ಯೂಟ್ಯೂಬ್ ನೋಡಿ ಮಾಡಬಾರದು ಅನ್ನೋಷ್ಟು ಬುದ್ಧಿ ಇತ್ತು. ಗಾಡಿ ಅಲ್ಲಿಂದ ಕದಲಿಸಲಿಲ್ಲ. ಪರಿಚಯದ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಸೋಮವಾರ ಜೆ.ಸಿ. ರಸ್ತೆಯಿಂದ ಹೋಸ್ ತಂದು ಹಾಕಿದರು. ಒಂದೇ ದಿಕ್ಕಿಗೆ ಗಾಳಿ ಬಿಡೋ ವಾಲ್ವ್ ಅದರ ಮಧ್ಯದಲ್ಲೇ ಕೂತಿರುತ್ತೆ, ಎರಡೂ ಸೇರಿ ಬರುತ್ತೆ. ಹಾಕೋ ಮುಂಚೆ ಅವರು ವಾಲ್ವನ್ನು ಬಾಯಲ್ಲಿ ಊದಿ ನೋಡಿದರು, ಪೀಪಿ ಊದಿದ ಹಾಗೆ. ಹಾಗೇ ಚಕ್ರ ಬಿಚ್ಚಿ ಕ್ಯಾಲಿಪರ್ ಪಿನ್ ಸಡಿಲ ಓಡಾಡ್ತಿದೆಯಾ, ಚಕ್ರದ ಹತ್ತಿರದ ರಬ್ಬರ್ ಪೈಪ್ ಉಬ್ಬಿದೆಯಾ ಅಂತಲೂ ನೋಡಿದರು. ಅವು ಹಿಡಿದುಕೊಂಡರೂ ಪೆಡಲು ಬಿಗಿಯಾಗುತ್ತಂತೆ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸ್ಬೇಕು ಸರ್, ಅದು ನೀರು ಕುಡಿಯುತ್ತೆ ಅಂದರು. ಅದನ್ನೂ ಬದಲಿಸಿದೆವು. ಹೋಸ್‌ಗೆ 480 ರೂಪಾಯಿ. ಹಿಂದೆ ಬದಲಿಸಿದ ಪ್ಯಾಡುಗಳಿಗೆ ಅದರ ಐದು ಪಟ್ಟು ಕೊಟ್ಟಿದ್ದೆ.

ಯಂತ್ರದ ಕತೆ ಇಷ್ಟು. ನನಗೆ ನಿದ್ದೆ ಕೆಡಿಸಿದ್ದು ಇದಲ್ಲ. ಭಾನುವಾರ ಆ ಸೀಳು ಕಂಡ ಮೇಲೆ, ಹೆಬ್ಬೆರಳು ಇನ್ನೂ ಅದರ ಮೇಲೇ ಇರುವಾಗ, ನನಗೆ ಮೊದಲು ಬಂದ ಯೋಚನೆ ಯಾವುದು ಗೊತ್ತಾ? ಮೇಲೆ ಹೋಗಿ ಇದನ್ನು ಹೇಳಬೇಕಾ?

ಹೇಳದೇ ಇರೋಕೆ ಕಾರಣಗಳು ಚೆನ್ನಾಗೇ ಇದ್ದವು. ಏನೂ ಆಗಿಲ್ಲವಲ್ಲ. ಹುಡುಗ ಮಾರನೇ ದಿನವೇ ಸೈಕಲ್ ಹೊಡೀತಿದ್ದ. ನನಗೆ ಗೊತ್ತಿರಲಿಲ್ಲವಲ್ಲ. ಗೊತ್ತಿದ್ದೂ ಕೊಟ್ಟಿದ್ದರೆ ತಪ್ಪು. ಸದ್ದಿಲ್ಲದೆ ಹೋಸ್ ಹಾಕಿಸಿಬಿಟ್ಟರೆ ಅವಳು ನಿಧಾನಕ್ಕೆ ಮತ್ತೆ ಓಡಿಸ್ತಾಳೆ, 'ನೋಡು, ಅಭ್ಯಾಸ ಆಯ್ತು' ಅಂತ ನಾನೂ ಬೆನ್ನು ತಟ್ಟಬಹುದು.

ವಿಲಿಯಂ ಕ್ಲಿಫರ್ಡ್ ಅಂತ ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನ ಗಣಿತಜ್ಞ. 1877ರಲ್ಲಿ ನಂಬಿಕೆಯ ನೀತಿಯ ಬಗ್ಗೆ ಅವನ ಒಂದು ಪ್ರಬಂಧ ಅಚ್ಚಾಯಿತು. ಅದರ ಶುರುವಿನಲ್ಲೇ ಒಬ್ಬ ಹಡಗಿನ ಮಾಲೀಕ ಬರ್ತಾನೆ. ಹಡಗು ಹಳೇದು, ರಿಪೇರಿ ಬೇಕೇನೋ ಅಂತ ಅವನಿಗೇ ಅನುಮಾನ. ಆದರೆ ಖರ್ಚು ಜಾಸ್ತಿ. ಇಷ್ಟು ಸಲ ಸುರಕ್ಷಿತವಾಗಿ ಹೋಗಿ ಬಂದಿದೆ, ಈ ಸಲವೂ ಬರುತ್ತೆ, ದೇವರು ಕಾಪಾಡ್ತಾನೆ ಅಂತ ತನಗೆ ತಾನೇ ಹೇಳಿಕೊಂಡು, ನಿಜವಾಗಲೂ ನಂಬಿ, ಜನರನ್ನು ಹತ್ತಿಸಿ ಕಳಿಸ್ತಾನೆ. ಹಡಗು ಮುಳುಗುತ್ತೆ. ಅವನು ಪ್ರಾಮಾಣಿಕವಾಗಿಯೇ ನಂಬಿದ್ದ, ಆದರೂ ಹಾಗೆ ನಂಬೋ ಹಕ್ಕು ಅವನಿಗಿರಲಿಲ್ಲ ಅನ್ನೋದು ಕ್ಲಿಫರ್ಡನ ವಾದ. ಆಮೇಲೆ ಇನ್ನೊಂದು ತಿರುವು ಕೊಡ್ತಾನೆ: ಹಡಗು ಮುಳುಗದೆ ದಡ ಸೇರಿತು ಅಂದುಕೊಳ್ಳಿ. ಮಾಲೀಕನ ತಪ್ಪು ಕಮ್ಮಿಯಾಯಿತಾ? ಒಂದು ಕೂದಲೆಳೆಯಷ್ಟೂ ಇಲ್ಲ, ಸಿಕ್ಕಿಬೀಳಲಿಲ್ಲ ಅಷ್ಟೇ ಅಂತಾನೆ.

'ನನಗೆ ಗೊತ್ತಿರಲಿಲ್ಲ' ಅನ್ನೋ ನನ್ನ ವಾದ ಇಲ್ಲಿಗೆ ಸತ್ತಿತು. ಮೂರು ಸಲ ಹೇಳಿಸಿಕೊಂಡವನು ಗೊತ್ತಿಲ್ಲ ಅನ್ನೋಕಾಗಲ್ಲ. ನಾನು ತಿಳಿದುಕೊಳ್ಳೋಕೆ ಹೋಗಲಿಲ್ಲ. ತತ್ವಶಾಸ್ತ್ರ ಬೇಡ ಅನ್ನೋರಿಗೆ ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 190ನೇ ಕಲಂ ದೋಷವಿರುವ ಅಪಾಯಕಾರಿ ಗಾಡಿ ಓಡಿಸಿದವರನ್ನು ಮಾತ್ರ ಹಿಡಿಯೋದಿಲ್ಲ, ಓಡಿಸಲು ಬಿಟ್ಟವರನ್ನೂ ಹಿಡಿಯುತ್ತೆ. ದೋಷ ಗೊತ್ತಿದ್ದರೆ ಮಾತ್ರ ಅಂತಲೂ ಅಲ್ಲ, ಸಾಮಾನ್ಯ ಎಚ್ಚರಿಕೆ ವಹಿಸಿದ್ದರೆ ಗೊತ್ತಾಗಬಹುದಾಗಿತ್ತು ಅನ್ನೋದೂ ಸಾಕು. ಕಾರಿನ ಎಫ್‌ಸಿ, ಇನ್ಶೂರೆನ್ಸ್ ಎಲ್ಲ ಚಾಲ್ತಿಯಲ್ಲಿತ್ತು. ಕಾಗದಗಳ ಪೈಲು ನೋಡಿದ್ದರೆ ನನ್ನಂಥ ಜವಾಬ್ದಾರಿಯುತ ಮಾಲೀಕ ಇನ್ನೊಬ್ಬನಿಲ್ಲ.

ಎಂಜಿನಿಯರ್ ಆಗಿ ನನಗೆ ಕ್ಲಿಫರ್ಡ್ ತುಂಬಾ ಹಿಡಿಸ್ತಾನೆ. ಸರ್ವರ್ ಬಿದ್ದ ದಿನ ಬಗ್ ಹುಟ್ಟಲ್ಲ, ಕೋಡ್ ಬರೆದ ದಿನವೇ ಹುಟ್ಟಿರುತ್ತೆ. ಆದರೆ ಹೊಟ್ಟೆ ಒಪ್ಪಲ್ಲ. ಆ ಒಂದು ಗೇಣು ಇಲ್ಲದಿದ್ದರೆ ನಾನು ಇದನ್ನು ಇಷ್ಟು ಹಗುರವಾಗಿ, ಅಲ್ಲಲ್ಲಿ ಜೋಕು ಸೇರಿಸಿ ಬರೀತಿದ್ನಾ? ಬರವಣಿಗೆಯ ಮಾತು ಬಿಡಿ, ಮನೆಯಲ್ಲಿ ಮಾತಾದ್ರೂ ಇರ್ತಿತ್ತಾ? ತಪ್ಪು ಅಷ್ಟೇ, ಸೀಳು ಅಷ್ಟೇ, ಆದರೆ ಬದುಕು ಬೇರೆ. ಇದಕ್ಕೆ ಮಾರಲ್ ಲಕ್ ಅನ್ನೋ ಹೆಸರಿಟ್ಟು 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ ಚರ್ಚೆ ಶುರು ಮಾಡಿದರು. ನೇಗಲ್ ಕೊಡೋ ಉದಾಹರಣೆ ಓದಿದಾಗ ನನಗೆ ಮೈ ಜುಂ ಅಂತು: ಬ್ರೇಕ್ ಚೆಕ್ ಮಾಡಿಸದ ಒಬ್ಬ ಲಾರಿ ಡ್ರೈವರ್. ರಸ್ತೆಗೆ ಮಗು ಅಡ್ಡ ಬಂದರೆ ಅವನು ಒಂದು ಸಾವಿಗೆ ಕಾರಣ. ಬರದಿದ್ದರೆ ಸಣ್ಣ ಉದಾಸೀನದ ಮನುಷ್ಯ, ಅಷ್ಟೇ. ಮಗು ಬರೋದು ಬಿಡೋದು ಅವನ ಕೈಯಲ್ಲಿಲ್ಲ. ಕೈಯಲ್ಲಿಲ್ಲದ್ದಕ್ಕೆ ಮನುಷ್ಯನನ್ನು ಹೊಗಳಬಾರದು, ತೆಗಳಬಾರದು ಅಂತೀವಿ, ಆದರೂ ತೆಗಳ್ತೀವಿ. ಈ ಗಂಟನ್ನು ನೇಗಲ್ ಬಿಚ್ಚೋದಿಲ್ಲ, ಗಂಟು ಎಲ್ಲಿದೆ ಅಂತ ತೋರಿಸಿ ಬಿಡ್ತಾನೆ.

ವಿಲಿಯಮ್ಸ್ ಹೇಳೋ ಲಾರಿ ಡ್ರೈವರ್ ಬೇರೆ. ಅವನದು ಏನೂ ತಪ್ಪಿಲ್ಲ, ಆದರೂ ಅವನ ಲಾರಿಗೆ ಮಗು ಸಿಕ್ಕಿದೆ. ಪಕ್ಕದಲ್ಲಿ ನಿಂತು ನೋಡಿದವರಿಗೂ ಸಂಕಟ ಆಗುತ್ತೆ. ಆದರೆ ಡ್ರೈವರಿನ ಸಂಕಟ ಬೇರೆ ಥರದ್ದು, 'ಇದು ನನ್ನ ಕೈಯಿಂದ ಆಯಿತು' ಅನ್ನೋದು. 'ನಿನ್ನ ತಪ್ಪಿಲ್ಲ ಬಿಡಪ್ಪ' ಅಂತ ನಾವು ಸಮಾಧಾನ ಮಾಡ್ತೀವಿ, ಆದರೆ ಅವನು ತಕ್ಷಣ ಸಮಾಧಾನ ಆಗಿಬಿಟ್ಟರೆ ಅವನ ಬಗ್ಗೆ ನಮಗೇ ಏನೋ ಅನುಮಾನ ಬರುತ್ತೆ.

ನೇಗಲ್ ಉದಾಹರಣೆಯಲ್ಲಿ ಉದಾಸೀನ ಮಾಡಿದವನೂ ಪೆಡಲ್ ಒತ್ತಿದವನೂ ಒಬ್ಬನೇ. ನಮ್ಮ ಮನೆಯಲ್ಲಿ ಅದು ಎರಡಾಗಿ ಸೀಳಿತ್ತು. ತಪ್ಪು ನನ್ನದು, ಸಂಕಟ ಅವಳದು. ಹೋಸ್ ನೋಡದೇ ಇದ್ದವನು ಗುರುವಾರ ರಾತ್ರಿ ಅನ್ನ ಸಾರು ಉಂಡು ಮಲಗಿದ, ಜೀವ ಒತ್ತೆ ಇಟ್ಟ ಹಾಗೆ ಪೆಡಲ್ ಒತ್ತಿ ಆ ಒಂದು ಗೇಣು ಉಳಿಸಿದವಳು ಎದ್ದು ಕೂತಿದ್ದಳು. ಯೋಚನೆ ಮಾಡಿದರೆ ಇದೇ ಎಲ್ಲ ಕಡೆ ನಡೆಯೋದು. ರಾತ್ರಿ ಮೂರಕ್ಕೆ ಪೇಜರ್ ಬಡಿದುಕೊಂಡಾಗ ಏಳೋ ಆನ್‌ಕಾಲ್ ಹುಡುಗಿ ಬೇರೆ, ಆ ಕೋಡನ್ನು ಅವಸರದಲ್ಲಿ ತಳ್ಳಿ ಬೇರೆ ಟೀಮಿಗೆ ಹೋದವನು ಬೇರೆ. ಆಫೀಸಿನಲ್ಲಿ ಇದಕ್ಕೆಂದೇ ಬ್ಲೇಮ್‌ಲೆಸ್ ಪೋಸ್ಟ್‌ಮಾರ್ಟಂ ಮಾಡ್ತೀವಿ, ಯಾರನ್ನೂ ದೂರದೆ ಏನು ಕೆಟ್ಟಿತು ಅಂತ ಹುಡುಕ್ತೀವಿ. ಆ ಡಾಕ್ಯುಮೆಂಟಿನ ಟೆಂಪ್ಲೇಟ್ ಬರೆದವನು ನಾನೇ. ರಸ್ತೆಯಲ್ಲಿ ನಿಂತು ಹತ್ತು ಸೆಕೆಂಡಿನಲ್ಲಿ 'ಯೂಸರ್ ಎರರ್' ಅಂತ ಬರೆದು ಮುಗಿಸಿದವನೂ ನಾನೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಂಗೆ.

ಎತ್ತು ಅಂದಾಗ ಅಪ್ಪ ನೆನಪಾಗ್ತಾರೆ. ಎತ್ತು ಕುಂಟಿದರೆ, ಗಾಡಿ ಎಳೆಯದೆ ನಿಂತರೆ, ಪಕ್ಕದ ಹೊಲದವರು ಚಾಟಿ ತೆಗೀತಿದ್ದರು. ಅಪ್ಪ ಮೊದಲು ಕಾಲೆತ್ತಿ ಲಾಳ ನೋಡ್ತಿದ್ದರು, ಗೊರಸಿನಲ್ಲಿ ಕಲ್ಲು ಸಿಕ್ಕಿದೆಯಾ ಅಂತ ನೋಡ್ತಿದ್ದರು, ನೊಗ ಎತ್ತಿ ಹೆಗಲ ಮೇಲೆ ಹುಣ್ಣಾಗಿದೆಯಾ ಅಂತ ನೋಡ್ತಿದ್ದರು. ಅಪ್ಪ ಸಾಧು ಅಂತೇನೂ ಹೇಳ್ತಿಲ್ಲ, ಏನೂ ಸಿಗದಿದ್ದರೆ ಅವರೂ ಎರಡು ಬಿಗೀತಿದ್ದರು. ಆದರೆ ಮೊದಲು ನೋಡ್ತಿದ್ದರು. ಬಿಇ ಓದಿಲ್ಲದ ಮನುಷ್ಯ.

ಹೇಳಿದೆ. ಭಾನುವಾರ ಮಧ್ಯಾಹ್ನ, ಮಗಳು ಮಲಗಿದ ಮೇಲೆ. ಕೈಗೆ ಹತ್ತಿದ್ದ ಕಪ್ಪು ಇನ್ನೂ ಪೂರ್ತಿ ಹೋಗಿರಲಿಲ್ಲ. ಹೋಸ್, ಸೀಳು, ಹಂಪು, ಹೈವೇ ಎಲ್ಲ ವಿವರಿಸಿದೆ. ವಿವರಿಸೋದು ನನಗೆ ಸುಲಭ, ಬಾಯಿ ತಪ್ಪಿ ಬೂಸ್ಟರಿನ ಚಿತ್ರ ಬೇರೆ ಬರೆಯೋಕೆ ಹೋದೆ. ಅವಳು ಪೆನ್ನು ಕಿತ್ತುಕೊಂಡಳು.

"ಗಾಡಿ ಕೆಟ್ಟಿದ್ದಕ್ಕೆ ನಂಗೆ ಸಿಟ್ಟಿಲ್ಲ" ಅಂದಳು. "ನೀವು ನೋಡದೇ ಇದ್ದಿದ್ದಕ್ಕೂ ಅಷ್ಟೊಂದಿಲ್ಲ. ಆ ತಾತನ ಮುಂದೆ ಅಂದ್ರಲ್ಲ, ಅಭ್ಯಾಸ ಇಲ್ಲ ಅಂತ. ಎರಡು ವರ್ಷದಿಂದ ದಿನಾ ಓಡಿಸ್ತಿದ್ದೀನಿ ರೀ. ನಿಮಗಿಂತ ಜಾಸ್ತಿ ದಿನ ಓಡಿಸಿದ್ದೀನಿ. ನಂಗೂ ಹಂಗೇ ಅನ್ನಿಸಿಬಿಡ್ತು, ಇವರು ಹೇಳ್ತಿದ್ದಾರೆ ಅಂದ್ಮೇಲೆ ಇರಬಹುದು ಅಂತ."

ನಾನು ಕ್ಷಮೆ ಕೇಳಿದ್ದು ಅವಳ ಪರವಾಗಿ ಅಂದುಕೊಂಡಿದ್ದೆ. ಅವಳ ಮೇಲೆ ಹೊರಿಸಿ ಕೇಳಿದ್ದೆ.

ಸಂಜೆ ಆ ಮನೆಗೆ ಹೋದೆ. ಗೇಟು ತೆಗೆದವನು ಆ ಹುಡುಗನೇ, ಮೊಣಕಾಲಿಗೆ ಬ್ಯಾಂಡೇಜು. ತಾತ ಪೇಪರ್ ಓದ್ತಾ ಕೂತಿದ್ದರು. ಹೇಳಿದೆ: ಅವತ್ತು ಬ್ರೇಕ್ ಸರಿ ಇರಲಿಲ್ಲ, ಅವಳು ತಿಂಗಳುಗಳಿಂದ ಹೇಳ್ತಿದ್ದಳು, ನಾನು ನೋಡಿಸಿರಲಿಲ್ಲ, ಓಡಿಸೋಕೆ ಅವಳಿಗೆ ಚೆನ್ನಾಗಿ ಬರುತ್ತೆ. ಅವರು ಕನ್ನಡಕ ತೆಗೆದು ಸ್ವಲ್ಪ ಹೊತ್ತು ನೋಡಿದರು. ಬೈತಾರೆ ಅಂದುಕೊಂಡೆ, ಬೈದಿದ್ದರೆ ಹಗುರಾಗ್ತಿತ್ತು. "ನನ್ನ ಮೊಮ್ಮಗನ ಜೀವ ನಿಮ್ಮ ಪೈಪಿನ ಮೇಲೆ ಇತ್ತು ಅನ್ನಿ" ಅಂದರು. ಆಮೇಲೆ ಒಳಗೆ ಹೋಗಿ ಶರ್ಟ್ ಹಾಕಿಕೊಂಡು ಬಂದರು. "ನಡೀರಿ, ಆ ಹೆಣ್ಣುಮಗೂಗೆ ಬೈದಿದ್ದು ನಾನು, ನಾನೂ ಒಂದು ಮಾತು ಹೇಳ್ಬೇಕು."

ನಮ್ಮ ಮನೆಯಲ್ಲಿ ಕೂತು ಕಾಫಿ ಕುಡಿದರು. ಏನು ಮಾತಾಡಿದರು ನನಗೆ ಪೂರ್ತಿ ಗೊತ್ತಿಲ್ಲ, ನನ್ನನ್ನು ಹಾಲು ತರೋಕೆ ಕಳಿಸಿದ್ದರು. ವಾಪಸ್ ಬಂದಾಗ ಹುಡುಗ ನನ್ನ ಮಗಳಿಗೆ ಬ್ಯಾಂಡೇಜು ಬಿಚ್ಚಿ ಗಾಯ ತೋರಿಸ್ತಾ ಇದ್ದ.

ಹೋಸ್ ಹಾಕಿದ ಮೇಲೆ ಮೊದಲು ಓಡಿಸಿದ್ದು ಅವಳು. ಅವಳೇ ಕೇಳಿ ಕೂತಳು, ಮಗಳನ್ನು ಮನೆಯಲ್ಲಿ ಬಿಟ್ಟು, ಬೀದಿ ಖಾಲಿ ಇರುವಾಗ. ಗೇಟ್ ದಾಟಿ ಮೊದಲ ಹಂಪಿನ ಹತ್ತಿರ ಬ್ರೇಕ್ ಒತ್ತಿದಳು, ಮತ್ತೆ ಒತ್ತಿದಳು, ಗಾಡಿ ಪೂರ್ತಿ ನಿಲ್ಲಿಸಿ ನನ್ನ ಕಡೆ ತಿರುಗಿದಳು. "ಇದು ಇಷ್ಟು ಮೆತ್ತಗಿರಬೇಕಿತ್ತಾ?"

"ಹೂಂ."

"ಯಾವಾಗಿಂದ?"

ನನಗೆ ಉತ್ತರ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ. ರಬ್ಬರ್ ಒಂದೇ ದಿನಕ್ಕೆ ಸೀಳಲ್ಲ.

ವಾಪಸ್ ಬರುವಾಗ ನಾನು ಓಡಿಸಿದೆ. ಸೀಟು ಹಿಂದಕ್ಕೆ ತಳ್ಳಬೇಕಾಗಿ ಬರಲಿಲ್ಲ, ಅವಳೇ ತಳ್ಳಿಕೊಂಡಿದ್ದಳು. ಕ್ರಾಸಿನಲ್ಲಿ ಒಂದು ಆಟೋ ಅಡ್ಡ ಬಂತು, ಎಂದಿನ ಹಾಗೆ ಒತ್ತಿದೆ. ನನಗೇ ಗೊತ್ತಿಲ್ಲದೆ ನನ್ನ ಕಾಲೂ ಗಟ್ಟಿ ಪೆಡಲಿಗೆ ಒಗ್ಗಿಹೋಗಿತ್ತು ಅಂತ ಕಾಣುತ್ತೆ. ಕಾರು ಗಕ್ಕನೆ ನಿಂತಿತು, ಇಬ್ಬರೂ ಮುಗ್ಗರಿಸಿದೆವು, ಡಿಕ್ಕಿಯಲ್ಲಿ ಊರಿಂದ ತಂದಿದ್ದ ತೆಂಗಿನಕಾಯಿಗಳು ದಡದಡ ಉರುಳಿದವು. ಹಿಂದಿನ ಬೈಕಿನವನು ಹಾರ್ನ್ ಹೊಡೆದು, ಪಕ್ಕ ಬಂದು, ಕಿಟಕಿ ಹತ್ತಿರ ಏನೋ ಅಂದ.

ಅವಳು ಗಾಜು ಇಳಿಸಿ, "ಅವರಿಗೆ ಇನ್ನೂ ಅಭ್ಯಾಸ ಇಲ್ಲ, ಸಾರಿ" ಅಂದಳು.